ಯಾವ ಶೂ ತಗೊಳ್ಳಲಿ ಸಾರ್?

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತೆಂದರೆ ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರ ಮುಂದೆ ಎರಡು ಸಾಲು ನಿಲ್ಲುತ್ತವೆ. ಒಂದು, ಜನ್ಮ ದಿನಾಂಕದ ಪತ್ರಕ್ಕೆ ಸಹಿ ಬೇಕಾದವರದು. ಇನ್ನೊಂದು, ‘ಯಾವ ಶೂ ತಗೊಳ್ಳಲಿ ಸಾರ್’ ಎನ್ನುವವರದು. ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣಕ್ಕೆ ನಡೆಯಲು ಬರುವ ಬ್ಯಾಂಕಿನವರು, ನಿವೃತ್ತ ತಹಶೀಲ್ದಾರರು, ಮಂಡಿನೋವಿನ ಅಮ್ಮಂದಿರು ಕೇಳುವುದೂ ಅದನ್ನೇ. ಎಲ್ಲರಿಗೂ ಬೇಕಾಗಿರುವುದು ಒಂದು ಕಂಪನಿಯ ಹೆಸರು. ನಾನು ಮಾತ್ರ ‘ಎಲ್ಲಿ ಆಡ್ತೀರಿ? ಎಲ್ಲಿ, ಕಾಲು ತೋರಿಸಿ’ ಎಂದು ಶುರುಮಾಡುತ್ತೇನೆ. ಕೆಲವರಿಗೆ ಇದರಿಂದ ನಿರಾಶೆಯಾಗುತ್ತದೆ. ಮಣ್ಣಿನ ಮೈದಾನದಲ್ಲೂ ಸಿಂಥೆಟಿಕ್ ಟ್ರ್ಯಾಕಿನ ಅಂಚಿನಲ್ಲೂ ನಿಂತು ಮಕ್ಕಳ ಕಾಲುಗಳನ್ನು ನೋಡುತ್ತಲೇ ಸರ್ವೀಸು ಕಳೆದವನು ನಾನು. ನನ್ನ ಲೆಕ್ಕದಲ್ಲಿ ಮೊದಲು ನೆಲ, ಆಮೇಲೆ ಪಾದ, ಶೂ ಬರುವುದು ಆ ಎರಡರ ನಂತರ. ಕೆಳಗಿನ ಪಾಠಗಳೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿವೆ.

1. ನೆಲ ಯಾವುದು ಅನ್ನೋದು ಮೊದಲು ಗೊತ್ತಾಗಲಿ

ಓಟದ ಶೂ ತೊಟ್ಟು ಷಟಲ್ ಆಡುವುದು ಕಾಲು ಉಳುಕಿಸಿಕೊಳ್ಳುವ ಬಲು ಸುಲಭದ ದಾರಿ. ‘ಇದೂ ಸ್ಪೋರ್ಟ್ಸ್ ಶೂ ತಾನೆ?’ ಎಂದು ಕೇಳುತ್ತಾರೆ. ಹೌದು, ಆದರೆ ಓಟದ ಶೂ ಮುಂದಕ್ಕೆ ಹೋಗಲೆಂದೇ ಮಾಡಿದ್ದು. ಅದರ ಹಿಮ್ಮಡಿಯ ಕೆಳಗೆ ದಪ್ಪನೆಯ ಮೆತ್ತನೆಯ ಫೋಮ್ ಇರುತ್ತದೆ, ಮೇಲಿನ ಬಟ್ಟೆ ತೆಳ್ಳಗಿರುತ್ತದೆ. ಷಟಲ್‌ನಲ್ಲಿ ಕಾಲು ಪಕ್ಕಕ್ಕೆ ಹಾರುತ್ತದೆ, ಥಟ್ಟನೆ ನಿಲ್ಲುತ್ತದೆ, ಮರುಕ್ಷಣ ಹಿಂದಕ್ಕೆ ಸರಿಯುತ್ತದೆ. ಆ ಹೊತ್ತಿಗೆ ಎತ್ತರದ ಫೋಮಿನ ಹೊರ ಅಂಚು ಕುಸಿದು ಪಾದ ಒಳಕ್ಕೆ ಮಗುಚಿಕೊಳ್ಳುತ್ತದೆ. ಕಣಕಾಲಿನ ಹೊರಬದಿಯ ಕಟ್ಟು ಎಳೆದುಕೊಂಡರೆ ಮೂರು ವಾರ ಮೂಲೆಯಲ್ಲಿ ಕೂರಬೇಕು.

ಷಟಲ್ ಶೂ ನೆಲಕ್ಕೆ ಹತ್ತಿರ ಇರುತ್ತದೆ, ಸಪಾಟಾಗಿರುತ್ತದೆ, ಹೊರಬದಿಯಲ್ಲಿ ಗಟ್ಟಿ ಪಟ್ಟಿ ಇರುತ್ತದೆ. ಅಟ್ಟೆ ಗಮ್ ರಬ್ಬರಿನದು. ಅಂಗಡಿಯವರು ‘ನಾನ್ ಮಾರ್ಕಿಂಗ್’ ಎನ್ನುವುದು ಇದಕ್ಕೇ. ರಬ್ಬರಿಗೆ ಕಪ್ಪು ಬಣ್ಣವನ್ನೂ ಬಾಳಿಕೆಯನ್ನೂ ಕೊಡುವ ಕಾರ್ಬನ್ ಪುಡಿಯೇ ಮರದ ನೆಲದ ಮೇಲೆ ಗೆರೆ ಎಳೆಯುವುದು, ಹಾಗಾಗಿ ಇದರಲ್ಲಿ ಅದನ್ನು ಬಳಸುವುದಿಲ್ಲ. ಅದೇ ಕಾರಣಕ್ಕೆ ಈ ಅಟ್ಟೆ ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಮನೆಯಿಂದಲೇ ತೊಟ್ಟು ಬೈಕಿನಲ್ಲಿ ಬಂದರೆ ಧೂಳು ಹಿಡಿದು ಕೋರ್ಟಿನಲ್ಲಿ ಜಾರುತ್ತದೆ ಕೂಡ. ಚೀಲದಲ್ಲಿ ತಂದು ಅಲ್ಲೇ ತೊಡಿ. ಜಪಾನಿನ ಕೋಬೆಯಲ್ಲಿ 1949ರಲ್ಲಿ ಶೂ ಕಂಪನಿ ಶುರುಮಾಡಿದ ಕಿಹಾಚಿರೊ ಒನಿತ್ಸುಕ, ಬ್ಯಾಸ್ಕೆಟ್‌ಬಾಲ್ ಶೂನ ಹಿಡಿತಕ್ಕೆ ಉಪಾಯ ಕಂಡದ್ದು ಊಟದ ಬಟ್ಟಲಿನಲ್ಲಿದ್ದ ಅಷ್ಟಪಾದಿಯ ಕಾಲಿನ ಬಟ್ಟಲುಗಳಲ್ಲಿ ಎಂದು ಆ ಕಂಪನಿಯೇ ಹೇಳಿಕೊಳ್ಳುತ್ತದೆ. ಆಡುವವರಿಗೆ ಹಿಡಿತ ಅಷ್ಟು ದೊಡ್ಡ ಚಿಂತೆ, ಕೊಳ್ಳುವವರು ಮಾತ್ರ ಅಟ್ಟೆಯನ್ನು ತಿರುಗಿಸಿಯೂ ನೋಡುವುದಿಲ್ಲ.

ಫುಟ್‌ಬಾಲ್‌ನಲ್ಲಿ ಕತೆ ಉಲ್ಟಾ: ಅಲ್ಲಿ ಹಿಡಿತ ಹೆಚ್ಚಾಗಿಯೇ ಕೆಡುತ್ತದೆ. ಬೆಂಗಳೂರಿನಲ್ಲಿ, ಈಗ ಜಿಲ್ಲಾ ಕೇಂದ್ರಗಳಲ್ಲೂ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಟರ್ಫ್‌ಗಳಿವೆ. ಹುಲ್ಲಿನ ಮೈದಾನಕ್ಕೆಂದು ಮಾಡಿದ ಉದ್ದ ಸ್ಟಡ್ಡಿನ ಬೂಟು ಅಲ್ಲಿ ನಾರಿಗೆ ಸಿಕ್ಕಿಕೊಳ್ಳುತ್ತದೆ. ಪಾದ ನಿಂತಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವಿನ ಮಂಡಿ ತಡೆದುಕೊಳ್ಳಬೇಕಾಗುತ್ತದೆ. ಅಲ್ಲಿಗೆ ಗಿಡ್ಡನೆಯ ಸ್ಟಡ್ಡುಗಳು ತುಂಬಾ ಇರುವ ಟರ್ಫ್ ಶೂ ಬೇಕು. ಕ್ರಿಕೆಟ್‌ನಲ್ಲೂ ಹಾಗೇ. ನಮ್ಮ ತಾಲ್ಲೂಕು ಮೈದಾನಗಳ ಮ್ಯಾಟಿಂಗ್ ಪಿಚ್ಚಿಗೆ ರಬ್ಬರ್ ಸ್ಟಡ್ ಸಾಕು, ಕಬ್ಬಿಣದ ಸ್ಪೈಕು ಟರ್ಫ್ ವಿಕೆಟ್ ಸಿಕ್ಕ ದಿನಕ್ಕಿರಲಿ.

ಕಬಡ್ಡಿಯ ಹುಡುಗರಿಗೆ ಒಂದೇ ಮಾತು. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು ಮ್ಯಾಟಿನ ಪಂದ್ಯಕ್ಕೆಂದು ಹಿಂದಿನ ಸಂಜೆ ಮ್ಯಾಟ್ ಶೂ ಕೊಳ್ಳಬಾರದು. ಬರಿಗಾಲು ಜಾರುವ ಕಡೆ ಶೂ ಕಚ್ಚಿ ಹಿಡಿಯುತ್ತದೆ, ಆ ವ್ಯತ್ಯಾಸಕ್ಕೆ ಮಂಡಿ ಒಗ್ಗಲು ಕೆಲವು ವಾರ ಬೇಕು. ಜಿಮ್ಮಿನಲ್ಲಿ ಭಾರ ಎತ್ತುವವರಿಗೆ ಮೆತ್ತನೆ ಓಟದ ಶೂ ಬೇಡ, ಸಪಾಟಾದ ಗಟ್ಟಿ ಅಟ್ಟೆಯದೇ ಆಗಬೇಕು. ನಡೆಯುವವರು ಓಟದ ಶೂನಲ್ಲೇ ನಡೆಯಬಹುದು, ಬೇರೆ ಕೊಳ್ಳುವ ಅಗತ್ಯವಿಲ್ಲ.

2. ಸ್ಪೈಕ್ಸ್ ಕೊನೆಯಲ್ಲಿ ಕೊಳ್ಳಿ

ತಾಲ್ಲೂಕು ಮಟ್ಟದಲ್ಲಿ ನೂರು ಮೀಟರ್ ಗೆದ್ದ ಹುಡುಗನಿಗೆ ಅಪ್ಪ ಮೊದಲು ಕೊಡಿಸುವುದೇ ಸ್ಪೈಕ್ಸ್. ನಾನು ತಡೆಯುತ್ತೇನೆ. ಮೊದಲು ದಿನದ ಅಭ್ಯಾಸಕ್ಕೆ ಒಂದು ಜೊತೆ ಒಳ್ಳೆಯ ಓಟದ ಶೂ ಆಗಲಿ. ಸ್ಪೈಕ್ಸ್‌ಗೆ ಹಿಮ್ಮಡಿಯ ಆಸರೆ ಕಮ್ಮಿ, ಇಡೀ ಭಾರ ಮುಂಗಾಲಿಗೂ ಮೀನಖಂಡಕ್ಕೂ ಬೀಳುತ್ತದೆ. ದಿನಾ ಅದರಲ್ಲೇ ಓಡಿದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು, ಅಂದರೆ ಅಕಿಲಿಸ್, ದೂರು ಹೇಳಲು ಶುರುಮಾಡುತ್ತದೆ. ವಾರದಲ್ಲಿ ವೇಗದ ಓಟದ ದಿನಗಳಿಗೆ, ಪಂದ್ಯದ ದಿನಕ್ಕೆ ಅದು ಸಾಕು.

ಇನ್ನೊಂದು, ಮೊಳೆಯ ಉದ್ದ. ಸಿಂಥೆಟಿಕ್ ಟ್ರ್ಯಾಕಿನಲ್ಲಿ 9 ಮಿ.ಮೀ.ಗಿಂತ ಉದ್ದದ ಮೊಳೆ ನಿಯಮಕ್ಕೆ ಹೊರಗು. ಎತ್ತರ ಜಿಗಿತಕ್ಕೂ ಜಾವೆಲಿನ್‌ಗೂ 12 ಮಿ.ಮೀ.ವರೆಗೆ ಬಿಡುತ್ತಾರೆ. ಒಂದು ಶೂಗೆ 11ಕ್ಕಿಂತ ಹೆಚ್ಚು ಮೊಳೆ ಇರುವಂತಿಲ್ಲ. ಮಣ್ಣಿನ ಟ್ರ್ಯಾಕಿಗೆಂದು ಹಾಕಿಸಿದ ಉದ್ದ ಮೊಳೆಯಲ್ಲೇ ವಿಭಾಗ ಮಟ್ಟದ ಕೂಟಕ್ಕೆ ಹೋದ ಮಕ್ಕಳು ಕಾಲ್ ರೂಮಿನಲ್ಲಿ ಕೀಲಿಗಾಗಿ ಪರದಾಡುವುದು ಪ್ರತಿ ವರ್ಷದ ನೋಟ. ಹಾಗಾಗಿ ಸ್ಪೈಕ್ಸ್ ಜೊತೆ ಬರುವ ಆ ಸಣ್ಣ ಕೀಲಿ, ಎರಡು ಅಳತೆಯ ಮೊಳೆ, ಇವಿಷ್ಟೂ ಒಂದು ಡಬ್ಬಿಯಲ್ಲಿ ಚೀಲದೊಳಗಿರಲಿ.

3. ನಂಬರ್ ನಂಬಬೇಡಿ, ಕಾಲು ಅಳೆಯಿರಿ

‘ನಂದು ಎಂಟು ಸಾರ್’ ಎನ್ನುವವರ ಕಾಲು ಕಡೆಯ ಸಲ ಅಳೆದದ್ದು ಯಾವಾಗಲೋ. ವಯಸ್ಸಾದಂತೆ ಪಾದದ ಕಮಾನು ಸ್ವಲ್ಪ ಇಳಿದು ಕಾಲು ಉದ್ದವಾಗುತ್ತದೆ, ಅಗಲವೂ ಆಗುತ್ತದೆ. ಬಸುರಿನಲ್ಲಿ ದೊಡ್ಡದಾದ ಪಾದ ಹೆರಿಗೆಯ ನಂತರ ಹಾಗೇ ಉಳಿಯುವುದುಂಟು. ಹೆಂಗಸರು ಮಾತ್ರ ಮದುವೆಗೆ ಮುಂಚಿನ ನಂಬರನ್ನೇ ಕೇಳುತ್ತಿರುತ್ತಾರೆ.

ಮನೆಯಲ್ಲೇ ಅಳೆಯಬಹುದು. ಸಂಜೆ ಹೊತ್ತು, ಕಾಲು ದಿನವಿಡೀ ಓಡಾಡಿ ಕೊಂಚ ಊದಿಕೊಂಡಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತುಕೊಳ್ಳಿ. ಕೂರಬೇಡಿ, ಭಾರ ಬಿದ್ದಾಗಲೇ ಪಾದ ಹರಡುವುದು. ಬೇರೊಬ್ಬರು ಪೆನ್ಸಿಲ್ ನೆಟ್ಟಗೆ ಹಿಡಿದು ಗುರುತು ಹಾಕಲಿ. ಎರಡೂ ಕಾಲನ್ನು ಅಳೆದು ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಎಷ್ಟೋ ಜನರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಆಗ ಅಳತೆ ಅಲ್ಲಿಂದಲೇ ಹಿಡಿಯಬೇಕು.

ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ನಂಬರು. ಅದರಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಅಂತರ ಇಂಚಿನ ಮೂರನೇ ಒಂದು ಭಾಗ, ಸುಮಾರು ಎಂಟೂವರೆ ಮಿ.ಮೀ. ಯುರೋಪಿನ 41, 42ರ ಲೆಕ್ಕದಲ್ಲಿ ಸುಮಾರು ಆರೂಮುಕ್ಕಾಲು ಮಿ.ಮೀ. ಎಂಟು ಬಿಗಿ, ಒಂಬತ್ತು ಸಡಿಲ ಎನ್ನುವವರಿಗೆ ಎಂಟೂವರೆ ಇದೆ ಎಂಬುದೇ ಗೊತ್ತಿರುವುದಿಲ್ಲ, ಸಣ್ಣ ಊರಿನ ಅಂಗಡಿಗಳೂ ಅರ್ಧ ಸೈಜು ಇಡುವುದು ಕಮ್ಮಿ. ಮೇಲಾಗಿ ಒಂದು ಕಂಪನಿಯ ಎಂಟು ಇನ್ನೊಂದು ಕಂಪನಿಯ ಎಂಟಲ್ಲ. ಶೂನ ನಾಲಿಗೆಯ ಒಳಬದಿಯ ಚೀಟಿಯಲ್ಲಿ ಹೆಚ್ಚಿನವರು ಸೆಂಟಿಮೀಟರನ್ನೂ ಮುದ್ರಿಸಿರುತ್ತಾರೆ. ಆನ್‌ಲೈನಿನಲ್ಲಿ ತರಿಸುವವರು ಅದನ್ನು ನೋಡುವುದು ವಾಸಿ.

ಅಂಗಡಿಯಲ್ಲಿ ನಾನು ಮಕ್ಕಳಿಗೆ ಮಾಡಿಸುವ ಪರೀಕ್ಷೆ ಇದು: ಒಳಗಿನ ಇನ್‌ಸೋಲ್ ಹೊರಗೆಳೆದು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲಿಸುತ್ತೇನೆ. ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಉಳಿಯಬೇಕು, ಪಕ್ಕದಲ್ಲಿ ಕಿರುಬೆರಳು ಅಂಚು ದಾಟಿ ಹೊರಗೆ ಚೆಲ್ಲಬಾರದು. ಚೆಲ್ಲಿದರೆ ಒಂದು ಸೈಜ್ ದೊಡ್ಡದು ಕೊಡುವುದು ಅಂಗಡಿ ಹುಡುಗನ ಅಭ್ಯಾಸ. ಅದು ಪರಿಹಾರ ಅಲ್ಲ. ಉದ್ದ ಹೆಚ್ಚಾಗಿ ಹಿಮ್ಮಡಿ ಒಳಗೆ ಕುಣಿಯುತ್ತದೆ, ಅಗಲ ಅಲ್ಲಿಗಲ್ಲಿಗೇ. ಅಗಲದ ಮಾದರಿಯನ್ನೇ ಕೇಳಬೇಕು. ಡಬ್ಬಿಯ ಮೇಲೆ 2ಇ, 4ಇ ಎಂದಿರುತ್ತದೆ.

ಇದು ನಮ್ಮ ನಾಡಿನ ಕಾಲುಗಳಿಗೆ ದೊಡ್ಡ ವಿಷಯ. ಬರಿಗಾಲಲ್ಲೋ ಚಪ್ಪಲಿಯಲ್ಲೋ ಬೆಳೆದವರ ಬೆರಳುಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ ಉದ್ದಗಲಕ್ಕೂ ಒಂದು ಲಕ್ಷಕ್ಕೂ ಮಿಕ್ಕಿ ಜನರ ಪಾದ ಅಳೆದರು. ಭಾರತೀಯರ ಪಾದ ಯುರೋಪು, ಅಮೆರಿಕದವರದಕ್ಕಿಂತ ಅಗಲ ಎಂದು ಅದರಲ್ಲಿ ಕಂಡು, ನಮ್ಮದೇ ಅಳತೆಪಟ್ಟಿಯೊಂದನ್ನು ‘ಭಾ’ ಎಂಬ ಹೆಸರಲ್ಲಿ ಮುಂದಿಟ್ಟಿದ್ದಾರೆ. ಅದು ನಮ್ಮ ಪೇಟೆಬೀದಿಯ ಅಂಗಡಿಯನ್ನು ಮುಟ್ಟುವವರೆಗೆ ಇನ್‌ಸೋಲ್ ಪರೀಕ್ಷೆಯೇ ಗತಿ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಥ್ಲಾನ್ ಚಿನ್ನ ಗೆದ್ದ ಪಶ್ಚಿಮ ಬಂಗಾಳದ ಸ್ವಪ್ನಾ ಬರ್ಮನ್ ಅವರಿಗೆ ಎರಡೂ ಪಾದದಲ್ಲಿ ಆರಾರು ಬೆರಳು. ಅವರ ಕಾಲಿಗೆ ಹೊಂದುವ ಶೂವನ್ನು ದೊಡ್ಡ ಕಂಪನಿಯೊಂದು ಅಳತೆ ತೆಗೆದು ಮಾಡಿಕೊಟ್ಟದ್ದು ಚಿನ್ನ ಗೆದ್ದ ಮೇಲೆ. ಅಲ್ಲಿಯವರೆಗಿನ ಓಟ, ಜಿಗಿತ ಎಲ್ಲ ಐದು ಬೆರಳಿನವರ ಶೂನಲ್ಲಿ.

4. ಬೆಳೆಯೋ ಕಾಲಿಗೆ ದೊಡ್ಡ ಶೂ ಅನ್ನೋ ಲೆಕ್ಕ

‘ಎರಡು ವರ್ಷ ಬರಲಿ ಅಂತ ದೊಡ್ಡದೇ ತಂದೆ ಸಾರ್’ ಎನ್ನುವ ತಂದೆಯನ್ನು ಬೈಯಲು ಮನಸ್ಸು ಬರುವುದಿಲ್ಲ. ಲೆಕ್ಕ ಅವರ ಜೇಬಿನದು. ಆದರೂ ಹೇಳಲೇಬೇಕು. ಎರಡು ಸೈಜ್ ದೊಡ್ಡದರಲ್ಲಿ ಮಗು ಬೆರಳು ಮುದುರಿ ಶೂವನ್ನು ಹಿಡಿದುಕೊಂಡು ಓಡುತ್ತದೆ, ಮುಗ್ಗರಿಸುತ್ತದೆ. ಶೂ ಸರಿಹೋಗುವ ಹೊತ್ತಿಗೆ ಅಟ್ಟೆ ಸತ್ತಿರುತ್ತದೆ. ಅರ್ಧ ಸೈಜ್ ಹೆಚ್ಚು ಇದ್ದರೆ ದಪ್ಪ ಸಾಕ್ಸ್‌ನಲ್ಲಿ ನಡೆದೀತು. ಅದಕ್ಕಿಂತ ಹೆಚ್ಚಾದರೆ, ದುಬಾರಿಯ ದೊಡ್ಡದೊಂದರ ಬದಲು ಅಗ್ಗದ ಸರಿಯಾದ ಎರಡು ಜೊತೆ ಮೇಲು. ಹೆಣ್ಣುಮಕ್ಕಳ ಕಾಲಿನ ಬೆಳವಣಿಗೆ ಬೇಗ ನಿಲ್ಲುತ್ತದೆ ಎನ್ನುವುದೂ ನೆನಪಿರಲಿ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಅವರದು 11ರ ಹೊತ್ತಿಗೆ, ಹುಡುಗರದು 15, 16ಕ್ಕೆ. ಎಂಟನೇ ಕ್ಲಾಸಿನ ಹುಡುಗಿಗೆ ‘ಬೆಳೀತಾಳೆ’ ಎಂದು ದೊಡ್ಡದು ತರುವುದರಲ್ಲಿ ಅರ್ಥವೇ ಇಲ್ಲ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್ ಬರುತ್ತದೆ. ಒಳ್ಳೆಯದೇ, ತರಗತಿಗೆ. ಆ ಗಟ್ಟಿ ಅಟ್ಟೆಯಲ್ಲಿ ಓಡಿಸಬಾರದು. ನಮ್ಮ ಶಾಲೆಯಲ್ಲಿ ಆಟದ ಪೀರಿಯಡ್ಡಿಗೆ ಶೂ ಬಿಚ್ಚಿ ಜಗಲಿಯಲ್ಲಿ ಸಾಲಾಗಿ ಇಡಿಸುತ್ತೇನೆ, ಗುಡಿಸಿದ ಮಣ್ಣಿನಲ್ಲಿ ಬರಿಗಾಲೇ ವಾಸಿ.

ಎಂಟರಿಂದ ಹದಿನಾಲ್ಕರ ಒಳಗಿನ ಮಗು ಆಟ ಮುಗಿಸಿ ಹಿಮ್ಮಡಿ ನೋವು ಎಂದರೆ, ಹಿಮ್ಮಡಿಯ ಎರಡು ಬದಿಯನ್ನೂ ಮೆಲ್ಲಗೆ ಅದುಮಿ ನೋಡಿ. ಚುಳ್ಳೆಂದರೆ ಬೆಳೆಯುತ್ತಿರುವ ಎಳೆ ಮೂಳೆಯ ಮೇಲೆ ಎಳೆತ ಬಿದ್ದಿರುವುದು ಹೆಚ್ಚು. ತೆಳು ಅಟ್ಟೆಯ ಸ್ಟಡ್ ಬೂಟು, ಗಟ್ಟಿ ನೆಲ, ಬಿಡುವಿಲ್ಲದ ಅಭ್ಯಾಸ ಸೇರಿದಾಗ ಇದು ಕಾಣಿಸುತ್ತದೆ. ಕೆಲವು ವಾರ ಜಿಗಿತ ನಿಲ್ಲಿಸಿ ಹಿಮ್ಮಡಿಗೆ ಮೆತ್ತೆ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ, ಇಳಿಯದಿದ್ದರೆ ಮೂಳೆ ಡಾಕ್ಟರರಿಗೆ ತೋರಿಸಬೇಕು. ‘ಸೋಮಾರಿ, ನೆಪ ಹೇಳ್ತಾನೆ’ ಎಂದು ಓಡಿಸಬಾರದು.

5. ಬರಿಗಾಲು ಬಡತನವೂ ಅಲ್ಲ, ಮಂತ್ರವೂ ಅಲ್ಲ

ಬರಿಗಾಲ ವಾದ ಎತ್ತುವವರು ಮೊದಲು ಹೇಳುವ ಹೆಸರು ಇಥಿಯೋಪಿಯಾದ ಅಬೆಬೆ ಬಿಕಿಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದರು, ನಿಜ. ಹೊಸ ಶೂ ಕಾಲಿಗೆ ಒಗ್ಗದೆ ಬಿಟ್ಟದ್ದೂ ನಿಜ. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಅವರೇ ಶೂ ತೊಟ್ಟು, ರೋಮಿಗಿಂತ ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬೇರೆ ಊರು, ಬೇರೆ ರಸ್ತೆ, ನೇರ ಹೋಲಿಕೆ ಸಲ್ಲದು. ಆದರೂ ಅರ್ಧ ಕತೆ ಹೇಳಬಾರದು.

ನಮ್ಮ ದೇಶದ ಕತೆಯೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 2-1ರಿಂದ ಸೋತರು. ಸೋತರೂ ಹೆಸರು ಬಂತು. 1952ರಲ್ಲಿ ಹೆಲ್ಸಿಂಕಿಯ ಥಂಡಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅದಾದ ಮೇಲೆ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಒಣಗಿದ ನೆಲದಲ್ಲಿ ಚೆಂಡಿನ ಮೇಲೆ ಹಿಡಿತ ಕೊಡುತ್ತಿದ್ದ ಕಾಲು ಬೇರೆ ನೆಲ, ಬೇರೆ ಹವೆಯಲ್ಲಿ ಕೈಕೊಟ್ಟಿತು.

ಕಂಬಳದ ಕರೆ ನೋಡಿ. 2020ರಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಟಿ.ವಿ.ಯವರೆಲ್ಲ ಉಸೇನ್ ಬೋಲ್ಟ್ ಹೆಸರು ಎತ್ತಿದರು. ಕೋಣಗಳ ಎಳೆತ ಇರುವ ಓಟವನ್ನು ಟ್ರ್ಯಾಕಿನ ಓಟಕ್ಕೆ ಹೋಲಿಸುವುದು ನನಗೆ ಸರಿಕಾಣಲಿಲ್ಲ. ಆದರೆ ಆ ಪಾದಗಳನ್ನು ನೋಡಿ ಕಲಿಯುವುದಿದೆ. ಆ ಕೆಸರಿನಲ್ಲಿ ಶೂ ತೊಟ್ಟರೆ ನಾಲ್ಕು ಹೆಜ್ಜೆಗೆ ಶೂ ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಹೋಗುತ್ತದೆ. ಅಲ್ಲಿ ಬೆರಳುಗಳೇ ಸ್ಪೈಕ್ಸು.

ಹಾಗಾಗಿ ಮಕ್ಕಳಿಗೆ ಮೆತ್ತನೆ ಮಣ್ಣಿನಲ್ಲಿ, ಹುಲ್ಲಿನಲ್ಲಿ ಕೊಂಚ ಹೊತ್ತು ಬರಿಗಾಲ ಓಟ ಕೊಡುತ್ತೇನೆ. ಪಾದದ ಸಣ್ಣ ಸ್ನಾಯುಗಳು ಗಟ್ಟಿಯಾಗುತ್ತವೆ. ಗಾಜಿನ ಚೂರು, ಜಾಲಿ ಮುಳ್ಳು ಇರುವ ಮೈದಾನದಲ್ಲಿ ಕೊಡುವುದಿಲ್ಲ. ಸಕ್ಕರೆ ಕಾಯಿಲೆಯವರು ಮಾತ್ರ ‘ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದ್ರೆ ಒಳ್ಳೇದಂತೆ’ ಎಂಬ ಮಾತಿಗೆ ಕಿವಿ ಕೊಡಲೇಬಾರದು. ಅಂಗಾಲಿನ ಸ್ಪರ್ಶ ಸತ್ತಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಸಣ್ಣ ಗಾಯ ಬೆರಳನ್ನೇ ನುಂಗುತ್ತದೆ. ಅವರಿಗೆ ಒಳಹೊಲಿಗೆ ಚುಚ್ಚದ ಅಗಲವಾದ ಶೂ ಬೇಕು. ಮನೆಯೊಳಗೆ ಡಾಕ್ಟರರು ಹೇಳುವ ಎಂ.ಸಿ.ಆರ್. ಚಪ್ಪಲಿ. ತೊಡುವ ಮುನ್ನ ಶೂ ಕೊಡವಿ ಒಳಗೆ ಕೈಯಾಡಿಸಬೇಕು, ಬಿಚ್ಚಿದ ಮೇಲೆ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು.

6. ಅಂಗಡಿಯಲ್ಲಿ ನಾಚಿಕೆ ಬಿಡಿ

ಶೂ ಕೈಗೆ ಬಂದ ಕೂಡಲೇ ಮೂರು ಕೆಲಸ. ಮುಂಭಾಗವನ್ನು ಮೇಲಕ್ಕೆ ಬಗ್ಗಿಸಿ: ಬೆರಳುಗಳು ಮಡಚುವ ಜಾಗದಲ್ಲೇ ಅದೂ ಮಡಚಬೇಕು, ನಡುವೆ ಮುರಿದಂತೆ ಮಡಚಿದರೆ ಬೇಡ. ಒದ್ದೆ ಟವೆಲ್ ಹಿಂಡುವ ಹಾಗೆ ತಿರುಚಿ: ಪೂರಾ ಹಿಂಡಿಕೊಂಡುಬಿಟ್ಟರೆ ಆಸರೆ ಇಲ್ಲ. ಹಿಂಬದಿಯ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿ: ಮೆತ್ತಗೆ ಒಳಕ್ಕೆ ಕುಸಿಯುವ ಶೂ ನಿಮ್ಮ ಹಿಮ್ಮಡಿಯನ್ನು ಹಿಡಿದುಕೊಳ್ಳುವುದಿಲ್ಲ. ಸಪಾಟು ಜಾಗದಲ್ಲಿಟ್ಟು ಹಿಂದಿನಿಂದ ನೋಡಿದಾಗ ಎರಡೂ ನೆಟ್ಟಗೆ ನಿಂತಿವೆಯೇ ಎಂದು ನೋಡಿ. ಅಂಟು ಸೋರಿ ಒಣಗಿದ ಗುರುತು, ವಾಲಿದ ಹಿಮ್ಮಡಿ, ‘ಫಸ್ಟ್ ಕಾಪಿ’ಗಳಲ್ಲಿ ಮೊದಲು ಕಾಣುವುದು ಇವೇ.

ಆಮೇಲೆ ಎರಡೂ ಕಾಲಿಗೆ ತೊಟ್ಟು, ಆಟಕ್ಕೆ ತೊಡುವ ಸಾಕ್ಸ್‌ನಲ್ಲೇ, ಅಂಗಡಿಯೊಳಗೆ ಓಡಿ. ಜನ ಇದಕ್ಕೆ ಸಂಕೋಚಪಡುತ್ತಾರೆ. ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿಸಲು ಇಲ್ಲದ ಸಂಕೋಚ ಇಲ್ಲೇಕೋ. ಷಟಲ್ ಶೂ ಆದರೆ ಪಕ್ಕಕ್ಕೆ ಹಾರಿ ನಿಲ್ಲಿ, ಒಳಗೆ ಪಾದ ಜರುಗಬಾರದು. ಚುಚ್ಚಿದರೆ, ಒತ್ತಿದರೆ ಬಿಟ್ಟುಬಿಡಿ. ‘ನಾಲ್ಕು ದಿನ ಹಾಕಿದ್ರೆ ಸರಿಹೋಗುತ್ತೆ’ ಎನ್ನುವುದು ಚರ್ಮದ ಮೆಟ್ಟಿನ ಕಾಲದ ಮಾತು. ಈಗಿನ ಬಟ್ಟೆ, ಫೋಮಿನ ಶೂ ಮೊದಲ ದಿನವೇ ಹಿತವಾಗಿರಬೇಕು.

ಪಾದ ಚಪ್ಪಟೆಯೋ, ಕಮಾನು ಎತ್ತರವೋ ಎಂದು ಮೆಷಿನ್ನಿನ ಮೇಲೆ ನಿಲ್ಲಿಸಿ ಬಣ್ಣದ ಚಿತ್ರ ತೋರಿಸುವ ಅಂಗಡಿಗಳಿವೆ. ಅಮೆರಿಕದ ಸೇನೆಯ ಮೂರು ವಿಭಾಗಗಳಲ್ಲಿ ಹೊಸ ಸೈನಿಕರಿಗೆ ಪಾದದ ಆಕಾರ ನೋಡಿ ಶೂ ಹಂಚಿ ಪರೀಕ್ಷಿಸಿದಾಗ, ಹಾಗೆ ಹಂಚಿದ್ದರಿಂದ ಗಾಯಗಳೇನೂ ಗಮನಾರ್ಹವಾಗಿ ಇಳಿಯಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಓಟಗಾರರ ಹೆಜ್ಜೆ ಅಭ್ಯಾಸ ಮಾಡಿದ ಬೆನ್ನೊ ನಿಗ್ ಕೂಡ ಕೊನೆಗೆ ಒತ್ತು ಕೊಟ್ಟದ್ದು ತೊಟ್ಟವರ ಹಿತಕ್ಕೇ. ಬಣ್ಣದ ಚಿತ್ರದಿಂದ ನಷ್ಟವೇನಿಲ್ಲ, ಅದರ ಹಿಂದೆಯೇ ಬರುವ ದುಬಾರಿ ಇನ್‌ಸೋಲಿನ ಬಿಲ್ಲಿಗೆ ಮಾತ್ರ ಅವಸರ ಬೇಡ.

7. ಕಾರ್ಬನ್ ಪ್ಲೇಟಿನ ಆಸೆ

2017ರಿಂದ ಮ್ಯಾರಥಾನ್ ಓಡುವವರ ಕಾಲಲ್ಲಿ ದಪ್ಪ ಅಟ್ಟೆಯ, ಒಳಗೆ ಕಾರ್ಬನ್ ತಗಡಿರುವ ಶೂಗಳು ಕಾಣಿಸಿಕೊಂಡವು. 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೊಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಮುಗಿಸಿದ್ದು ಅಂಥದೇ ಜೋಡಿಯಲ್ಲಿ. ಮರುವರ್ಷವೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಕಡಿವಾಣ ಹಾಕಿತು: ರಸ್ತೆ ಓಟಕ್ಕೆ ಅಟ್ಟೆಯ ದಪ್ಪ 40 ಮಿ.ಮೀ. ಮೀರಬಾರದು, ತಗಡು ಒಂದೇ ಇರಬೇಕು. 2024ರ ನವೆಂಬರಿನಿಂದ ಟ್ರ್ಯಾಕ್ ಸ್ಪರ್ಧೆಗಳಿಗೆ 20 ಮಿ.ಮೀ. ಮಿತಿ.

ಶೂ ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ಫೋಮು ಹಗುರ, ತುಳಿದ ಬಲವನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ, ತಗಡು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವನ್ನು ಗಂಟೆಗೂ ಮಿಕ್ಕಿ ಮುಗಿಸುವವರು ಹದಿನೈದು ಇಪ್ಪತ್ತು ಸಾವಿರ ಕೊಟ್ಟು ಅದನ್ನೇ ದಿನಾ ತೊಡುವುದು ನನಗೆ ದುಂದು ಎನಿಸುತ್ತದೆ. ನಿಧಾನದ ಓಟದಲ್ಲಿ, ತಿರುವುಗಳಲ್ಲಿ ಅದು ಓಲಾಡುತ್ತದೆ, ಮೀನಖಂಡಕ್ಕೆ ಹೊಸ ಬಗೆಯ ಭಾರವನ್ನೂ ಹೇರುತ್ತದೆ. ಸರಿಯಾಗಿ ಕೂರುವ ನಡುದರ್ಜೆಯ ಶೂ ಕೊಂಡು ಉಳಿದ ಹಣದಲ್ಲಿ ಇನ್ನೊಂದು ಜೊತೆ ಕೊಳ್ಳಿ. ಹೊಸ ಮಾದರಿ ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ. ನಾನು ಕೊಳ್ಳುವುದು ಆಗಲೇ. ಬಣ್ಣ ಬಿಟ್ಟರೆ ದೊಡ್ಡ ಬದಲಾವಣೆ ಇರುವುದು ಅಪರೂಪ.

8. ಲೇಸು, ಸಾಕ್ಸು

ಲೇಸ್ ಬಿಚ್ಚದೆ ಕಾಲು ತೂರಿಸುವವರು ಹಿಂಬದಿಯ ಬಟ್ಟಲನ್ನು ತುಳಿದು ಕೊಲ್ಲುತ್ತಾರೆ. ತುದಿಯಲ್ಲಿ ಖಾಲಿ ಬಿಡುವ ಕೊನೆಯ ತೂತಿಗೂ ಕೆಲಸವಿದೆ. ಅದೇ ಬದಿಯ ಅದರ ಕೆಳಗಿನ ತೂತಿನಿಂದ ಲೇಸನ್ನು ಅದಕ್ಕೆ ತೂರಿಸಿ ಒಂದು ಸಣ್ಣ ಕುಣಿಕೆ ಬಿಡಿ, ಎದುರು ಬದಿಯ ತುದಿಯನ್ನು ಆ ಕುಣಿಕೆಯೊಳಗಿಂದ ಎಳೆದು ಕಟ್ಟಿ. ಹಿಮ್ಮಡಿ ಅಲುಗದೆ ಕೂರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲಿಳಿಯುವಾಗ ಬೆರಳು ಮುಂದೆ ಬಡಿದು ಉಗುರು ಕಪ್ಪಾಗುತ್ತದೆ ಎನ್ನುವವರಲ್ಲಿ ಅರ್ಧ ಜನಕ್ಕೆ ಇದರಿಂದಲೇ ಸರಿಹೋಗುತ್ತದೆ.

ನೂಲಿನ ಸಾಕ್ಸ್ ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತದೆ, ಬೊಬ್ಬೆ ಏಳುವುದು ಆ ಒದ್ದೆಯಿಂದ, ಉಜ್ಜಾಟದಿಂದ. ಆಟಕ್ಕೆ ಬೇಗ ಒಣಗುವ ಸಿಂಥೆಟಿಕ್ ಮಿಶ್ರಣದ್ದಿರಲಿ. ಬೆರಳ ತುದಿಯ ದಪ್ಪ ಹೊಲಿಗೆ ಇಲ್ಲದ್ದನ್ನು ಆರಿಸಿ.

9. ಮೇಲೆ ಹೊಸದು, ಒಳಗೆ ಸತ್ತದ್ದು

ಶೂ ಸಾಯುವುದು ನಡುವಿನ ಫೋಮಿನಿಂದ. ಅಟ್ಟೆಯ ಚಿತ್ತಾರ ಇನ್ನೂ ಇರುತ್ತದೆ, ಮೇಲಿನ ಬಟ್ಟೆ ಹರಿದಿರುವುದಿಲ್ಲ, ಆದರೆ ಫೋಮು ಚಪ್ಪಟೆಯಾಗಿರುತ್ತದೆ. ಓಟದ ಶೂಗೆ 500ರಿಂದ 800 ಕಿಲೋಮೀಟರ್ ಎಂಬ ಲೆಕ್ಕವಿದೆ. ಓಡುವವರ ತೂಕ, ನೆಲ, ಹೆಜ್ಜೆ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಬದಿಯಲ್ಲಿ ಫೋಮಿನ ಮೇಲೆ ಅಡ್ಡಡ್ಡ ಸುಕ್ಕು ಕಂಡರೆ, ಒಂದೇ ಬದಿಗೆ ವಾಲಿದ್ದರೆ, ಕಾರಣವಿಲ್ಲದೆ ಮೊಣಕಾಲ ಕೆಳಗೆ ನೋವು ಶುರುವಾದರೆ ಅದನ್ನು ಮಾರುಕಟ್ಟೆಗೆ ಹೋಗಿಬರಲು ಬಳಸಿ.

ಎರಡು ಜೊತೆಯನ್ನು ಬದಲಿಸಿ ಬದಲಿಸಿ ತೊಡುವ ಹವ್ಯಾಸಿ ಓಟಗಾರರಿಗೆ ಗಾಯ ಕಡಿಮೆ ಎಂದು ಲಕ್ಸೆಂಬರ್ಗ್‌ನಲ್ಲಿ ನಡೆದ ಅಧ್ಯಯನವೊಂದು ಕಂಡುಕೊಂಡಿದೆ. ಬೇರೆ ಬೇರೆ ಮಾದರಿ ಆದರೆ ಕಾಲಿಗೆ ಬೀಳುವ ಭಾರದ ಜಾಗವೂ ದಿನದಿನಕ್ಕೆ ಬದಲಾಗುತ್ತದೆ. ಮಳೆಗಾಲದಲ್ಲಿ ಒಂದು ಒಣಗುತ್ತಿರುವಾಗ ಇನ್ನೊಂದು ಕೈಗೆ ಸಿಗುತ್ತದೆ ಎನ್ನುವ ಲಾಭ ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ. ನೆಂದ ಶೂ ಒಳಗೆ ಹಳೇ ಪೇಪರು ತುರುಕಿ ಎರಡು ಗಂಟೆಗೊಮ್ಮೆ ಬದಲಿಸಿ ನೆರಳಲ್ಲಿಡಿ. ಒಲೆಯ ಬದಿ, ಕಾರಿನ ಗಾಜಿನಡಿ, ವಾಷಿಂಗ್ ಮೆಷಿನ್ ಯಾವುದೂ ಬೇಡ. ಶಾಖಕ್ಕೆ ಅಂಟು ಬಿಡುತ್ತದೆ, ಫೋಮು ಕುಗ್ಗುತ್ತದೆ.

‘ತೆಗೆದಿಟ್ಟರೆ ಬಾಳುತ್ತೆ’ ಎಂಬ ನಂಬಿಕೆಗೂ ಮಿತಿಯಿದೆ. ಪಾಲಿಯುರೆಥೇನ್ ಅಟ್ಟೆ ಗಾಳಿಯ ತೇವಾಂಶಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ, ತೊಡದೆ ಇಟ್ಟಿದ್ದರೂ. ಕುಮಾರಪರ್ವತ ಹತ್ತಲೆಂದು ಅಟ್ಟದ ಮೇಲಿನ ಐದಾರು ವರ್ಷದ ಟ್ರೆಕ್ಕಿಂಗ್ ಬೂಟು ಇಳಿಸಿಕೊಂಡು ಹೋದವರ ಅಟ್ಟೆ ಅರ್ಧ ದಾರಿಯಲ್ಲಿ ಪುಡಿಪುಡಿಯಾಗಿ ಉದುರುವುದು ಇದಕ್ಕೇ. ಹೊರಡುವ ವಾರದ ಮೊದಲೇ ತೊಟ್ಟು ಊರೊಳಗೆ ಎರಡು ಸಲ ಸುತ್ತಿ ನೋಡಿ. ಅಟ್ಟೆ ಬರೀ ಬಾಯಿ ಬಿಟ್ಟಿದ್ದರೆ ಬಸ್‌ಸ್ಟ್ಯಾಂಡಿನ ಪಕ್ಕದ ಮೋಚಿಯ ಹತ್ತಿರ ಸುತ್ತಲೂ ನೈಲಾನ್ ದಾರದ ಹೊಲಿಗೆ ಹಾಕಿಸಿ. ಕಂಪನಿಯ ಅಂಟಿಗಿಂತ ಅದು ಹೆಚ್ಚು ಕಾಲ ಬರುವುದನ್ನು ಕಂಡಿದ್ದೇನೆ.

10. ಶೂ ಡಾಕ್ಟರಲ್ಲ

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಹೊಡೆದ ನೋವು ಎಂದು ಬರುವವರು ಮೆತ್ತನೆ ಶೂ ಕೇಳುತ್ತಾರೆ. ಮೆತ್ತೆಯಿಂದ ಅಷ್ಟಿಷ್ಟು ಆರಾಮ ಸಿಕ್ಕೀತು. ವಿಚಾರಿಸಿದರೆ ಹಿಂದಿನ ತಿಂಗಳು ಸುಮ್ಮನಿದ್ದವರು ಈ ತಿಂಗಳು ದಿನಾ ಒಂದು ಗಂಟೆ ಓಡಲು ಹತ್ತಿರುತ್ತಾರೆ. ಓಟ ಇಳಿಸದೆ, ಮೀನಖಂಡ ಎಳೆಯುವ ಕಸರತ್ತು ಮಾಡದೆ ಶೂ ಮೇಲೆ ಶೂ ಬದಲಿಸಿದರೆ ಅಂಗಡಿಯವನು ಉದ್ಧಾರವಾಗುತ್ತಾನೆ. ಮೂಳೆಯ ಒಂದೇ ಚುಕ್ಕೆಯಲ್ಲಿ ನೋವಿದ್ದು ಬೆರಳಿಟ್ಟು ತೋರಿಸುವಂತಿದ್ದರೆ, ಕುಂತರೂ ಹೋಗದಿದ್ದರೆ, ಬಿರುಕು ಇರಬಹುದು. ಓಟ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

11. ಅಣ್ಣನ ಶೂ ತಮ್ಮನಿಗೆ

ನಮ್ಮ ಕ್ರೀಡಾ ಕೊಠಡಿಯ ಕಪಾಟಿನಲ್ಲಿ ಹಳೇ ಹುಡುಗರು ಕೊಟ್ಟುಹೋದ ಶೂಗಳಿವೆ. ಯಾವುದನ್ನು ದಾಟಿಸಬಹುದು, ಯಾವುದನ್ನು ಬಾರದು ಎಂಬುದಕ್ಕೆ ಒಂದು ಕ್ರಮವಿದೆ. ಸ್ಪೈಕ್ಸ್ ದಾಟಿಸಬಹುದು: ಅದರಲ್ಲಿ ಫೋಮು ಕಮ್ಮಿ, ತೊಟ್ಟ ದಿನಗಳೂ ಕಮ್ಮಿ, ಮೊಳೆ ಬದಲಿಸಿದರೆ ಆಯಿತು. ಫುಟ್‌ಬಾಲ್ ಬೂಟನ್ನು ಸ್ಟಡ್ಡು ಸಮನಾಗಿ ಸವೆದಿದ್ದರೆ ಕೊಡುತ್ತೇನೆ. ಓಟದ ಶೂ ಕೊಡುವುದಿಲ್ಲ. ಅದು ಮೊದಲ ಒಡೆಯನ ಹೆಜ್ಜೆಗೆ ಒಂದು ಬದಿಗೆ ಒತ್ತಿಕೊಂಡಿರುತ್ತದೆ, ಎರಡನೆಯವನ ಕಾಲು ಆ ಹಳ್ಳದೊಳಗೇ ಬೀಳಬೇಕಾಗುತ್ತದೆ. ಯಾವುದನ್ನೇ ಕೊಟ್ಟರೂ ಹಳೆಯ ಇನ್‌ಸೋಲ್ ತೆಗೆದುಹಾಕಿ ಹೊಸದು ಹಾಕಿಸುತ್ತೇನೆ; ಇನ್ನೊಬ್ಬರ ಬೆರಳ ಸಂದಿನ ಹುಳುಕು ಬರಬಾರದಲ್ಲ. ಡಬ್ಬಿಯ ಮೇಲೆ ನಂಬರ್ ಬರೆಯುವುದನ್ನು ಬಿಟ್ಟು ಸೆಂಟಿಮೀಟರ್ ಬರೆದಿಟ್ಟಿದ್ದೇನೆ. ಜೂನ್‌ನಲ್ಲಿ ಹೊಸ ಮಕ್ಕಳ ಕಾಲು ಅಳೆದು ರಿಜಿಸ್ಟರಿನಲ್ಲಿ ಬರೆದುಕೊಂಡರೆ ಆಗಸ್ಟ್ ಹೊತ್ತಿಗೆ ಯಾರಿಗೆ ಯಾವ ಡಬ್ಬಿ ಎಂದು ಹುಡುಕುವ ಕೆಲಸ ಇರುವುದಿಲ್ಲ. ಡಬ್ಬಿಯಲ್ಲಿ ಅಳತೆ ಸಿಗದ ಮಕ್ಕಳ ಪಟ್ಟಿಯನ್ನು ಮಾತ್ರ ಎಸ್‌ಡಿಎಂಸಿ ಅಧ್ಯಕ್ಷರಿಗೆ ಕೊಡುತ್ತೇನೆ. ಊರಿನ ದಾನಿಗಳು ಟ್ರೋಫಿ ಕೊಡುತ್ತೇವೆ ಎಂದು ಬಂದಾಗ ಅವರು ಆ ಪಟ್ಟಿಯನ್ನು ಮುಂದಿಡುತ್ತಾರೆ.